ಬಾಳವ್ವ ವೈನಿಯ ಸೋಮವಾರ

ಘಟಪ್ರಭಾ ಸ್ಟೇಷನ್
ಬುಧವಾರ, ೨೫ ನವೆಂಬರ್ ೧೯೫೯

ಬಾಳವ್ವ ವೈನಿಗೆ ಮೈದುನ ವೀರಪ್ಪನ ಶರಣು.

ಮೊನ್ನೆ ಸೋಮವಾರ ಮಧ್ಯಾಹ್ನದ ಊಟ ಮುಗಿದ ಮೇಲೆ ನಮ್ಮ ಅವ್ವ ಹಿತ್ತಲಿನ ಬೇವಿನ ಗಿಡದ ಕೆಳಗೆ ಹೋಗಿ, ನೀವು ಕೂಡುತ್ತಿದ್ದ ಆ ಹಳೆಯ ಗಾಣದ ಕಲ್ಲಿನ ಮೇಲೆ ಕುಳಿತಳು. ದನ ಮನೆಗೆ ಬರುವವರೆಗೂ ಅಲ್ಲೇ ಇದ್ದಳು. ನಡುವೆ ಬಾಜೂ ಮನೆಯ ಯಲ್ಲಕ್ಕ ಜರಡಿ ಕೇಳಲು ಬಂದು ಕರೆದಳು. "ಇವತ್ತ ಸೋಮವಾರ ಐತಿ, ನಾಳಿ ಬಾ" ಎಂದು ಅವ್ವ ಕುಳಿತಲ್ಲಿಂದಲೇ ಹೇಳಿದಳು.

ಇದನ್ನು ನನಗೆ ಹೇಳಿದವನು ಚಕ್ಕಡಿ ಹೊಡೆಯುವ ಕರೆಪ್ಪ. ನಿನ್ನೆ ನಮ್ಮೂರು ಮೇಲವಂಕಿಯಿಂದ ಬೆಲ್ಲ ಹೇರಿಕೊಂಡು ಸ್ಟೇಷನ್ನಿಗೆ ಬಂದಿದ್ದ. ಕರೆಪ್ಪ ಸುದ್ದಿಗೆ ಉಪ್ಪು ಖಾರ ಹಚ್ಚುವವನೆಂಬುದು ನಿಮಗೂ ಗೊತ್ತು. ಆದ್ದರಿಂದ ನಿನ್ನೆಯೇ ಬರೆಯಲಿಲ್ಲ. ಇಂದು ಬೆಳಿಗ್ಗೆ ಅಣ್ಣನ ಕಾರ್ಡು ಬಂತು, ಅದರಲ್ಲೂ ಇದೇ ಇದೆ. ಒಬ್ಬರನ್ನೊಬ್ಬರು ಕೇಳದೆ ಇಬ್ಬರು ಒಂದೇ ಮಾತು ಹೇಳಿದರೆ ಸುದ್ದಿ ಖರೆ ಎಂದು ನಾನು ನಂಬುತ್ತೇನೆ.

ಹೋದ ತಿಂಗಳು ಹೆರಿಗೆಗೆಂದು ನೀವು ಘೋಡಗೇರಿಯ ತವರಿಗೆ ಹೊರಟಾಗ, ಬಸ್ಸು ಹತ್ತುವ ಮುನ್ನ ಇದೇ ಸ್ಟೇಷನ್ನಿನ ಮುಂದೆ ನನಗೆ ಹೇಳಿದ ಮಾತು ನೆನಪಿರಬಹುದು. "ಹಡಿಯೂದಕ್ಕ ಅಂಜಿಕಿ ಇಲ್ಲಂತಲ್ಲ, ಐತಿ. ಆದ್ರ ಅದಕ್ಕಿಂತ ಹೆಚ್ಚ ಇದು ಕಾಡತೈತಿ ವೀರಪ್ಪ. ಕೂಸಿನ್ನ ಎತಗೊಂಡು ತಿರಗಿ ಬರೂದ್ರಾಗ ನನ್ನ ಸೋಮವಾರ ಉಳದಿರತೈತೋ ಇಲ್ಲೋ." ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡುವ ರೂಢಿ ನನಗಿಲ್ಲ. ಬಸ್ಸು ಹೊರಟಿತು. ನೀವು ಕಿಟಕಿಯಿಂದ ನನ್ನ ಮುಖ ನೋಡುತ್ತಲೇ ಇದ್ದಿರಿ. ಈಗ ಗೊತ್ತಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಸಾಲಿಯ ನಾಲ್ಕನೇ ಇಯತ್ತೆ ಮುಗಿಸಿದವರು ನೀವು. ಅಕ್ಷರ ದೊಡ್ಡದಾಗಿಯೇ ಬರೆದಿದ್ದೇನೆ, ಯಾರಿಂದಲೂ ಓದಿಸಬೇಡಿ.

ವೈನಿ, ನೀವು ನಡೆದು ಬಂದ ದಾರಿ ನಡೆಯುವಾಗ ನಿಮಗೆ ಕಂಡಿರಲಾರದು. ಆಗ ಊರಲ್ಲೇ ಇದ್ದು, ಪಡಸಾಲೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದ ನನಗೆ ಕಂಡಿದೆ.

ಆಗತಾನೇ ಹೆಜ್ಜೆ ಇಡಲು ಕಲಿತಿದ್ದ ನಿಮ್ಮ ಕೂಸು ಪಾರವ್ವ ಜ್ವರದಲ್ಲಿ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಎಲ್ಲರೂ ನಿಮ್ಮನ್ನು ಕೈಯಲ್ಲಿ ಹಿಡಿದುಕೊಂಡಂತೆ ನೋಡಿಕೊಂಡೆವು. ನೀರಿಗೆ ಹೋಗಬೇಡ ಎಂದೆವು. ಒಲೆಯ ಮುಂದೆ ಕೂಡಬೇಡ ಎಂದೆವು. ನಿಮಗೆ ಹಸಿವಾಗುವ ಮೊದಲೇ ಅವ್ವ ತಾಟು ತಂದು ಮುಂದಿಡುತ್ತಿದ್ದಳು, ಉಡುವ ಸೀರೆಯನ್ನೂ ಆಕೆಯೇ ತೆಗೆದಿಡುತ್ತಿದ್ದಳು. ಬಾವಿಯವರೆಗೆ ಹೊರಟರೆ ಹಿಂದೆ ಯಲ್ಲಕ್ಕ ಬರುತ್ತಿದ್ದಳು. ಮನೆಯಲ್ಲಿ ಒಬ್ಬರೂ ಕೆಟ್ಟವರಿರಲಿಲ್ಲ. ಎಲ್ಲರೂ ಒಳ್ಳೆಯವರೇ ಆದ್ದರಿಂದ ನೀವು ಯಾರ ಮೇಲೂ ಸಿಟ್ಟಾಗುವ ಹಾಗಿರಲಿಲ್ಲ.

ಆಮೇಲೆ ದಿನ ಕಳೆದಂತೆ ಕೆಲಸವೆಲ್ಲ ತಿರುಗಿ ನಿಮ್ಮ ಕೈಗೆ ಬಂತು. ಯಾವುದನ್ನು ಯಾವಾಗ ಮಾಡಬೇಕೆಂದು ಹೇಳುವ ಮಾತು ಮಾತ್ರ ಬರಲಿಲ್ಲ. ಅಡುಗೆಮನೆಯಿಂದ ಅವ್ವ "ಬಾಳವ್ವಾ" ಎನ್ನುವಳು, ಕೊಟ್ಟಿಗೆಯಿಂದ ಅಣ್ಣ ಕರೆಯುವನು, ಅಂಗಿಯ ಗುಂಡಿ ಹರಿದರೆ ನಾನು. ನೀವು ಒಂದು ಕಡೆಗೆ ಹೊರಟು ಇನ್ನೊಂದು ಕಡೆಗೆ ತಿರುಗುತ್ತಿದ್ದಿರಿ. ಅದೇ ಹೊತ್ತಿಗೆ ಆ ತ್ರಾಸು ಶುರುವಾಯಿತು. ಎದೆ ಹಾರುವುದು, ಕೈ ತಣ್ಣಗಾಗುವುದು, ಉಸಿರು ಸಾಲದೆ ನೀವು ಓಡಿಹೋಗಿ ಓಣಿಯ ನಡುವೆ ನಿಲ್ಲುವುದು. ಓಣಿಯವರು ಗಾಳಿ ಬಡಿದಿದೆ ಎಂದರು. ತೋಳಿಗೆ ತಾಯಿತ ಬಂತು. ಘಟಪ್ರಭೆಯ ಡಾಕ್ಟರು ಪರೀಕ್ಷೆ ಮಾಡಿ, ಎದೆ ಗಟ್ಟಿಯಾಗಿದೆ, ಏನೂ ಆಗಿಲ್ಲ ಎಂದರು. "ಏನೂ ಆಗಿಲ್ಲಂದ್ರ ಯಾಕ ಓಡತಾಳ?" ಎಂದು ಅವ್ವ ಚಕ್ಕಡಿಯಲ್ಲಿ ದಾರಿಯುದ್ದಕ್ಕೂ ಕೇಳಿದಳು. ಕೊನೆಗೆ ನಿಮ್ಮನ್ನು ತವರಿಗೆ ಕಳಿಸಿ, ಪೂರಾ ಆರಾಮಾದರೆ ಮಾತ್ರ ಕರೆತರುವುದೆಂಬ ಮಾತು ಮನೆಯಲ್ಲಿ ಎದ್ದಿತು. ಅದು ನಿಮ್ಮ ಕಿವಿಗೂ ಬಿದ್ದಿತ್ತು.

ಹೋದ ವರ್ಷದ ಮುಂಗಾರಿನ ಬಿತ್ತಿಗೆಯ ದಿನಗಳಲ್ಲೇ ಆ ಸೋಮವಾರ ಬಂತು. ಅಣ್ಣ ಅಂಗಳದಲ್ಲಿ ಎತ್ತುಗಳ ಮೈ ತೊಳೆಯುತ್ತಿದ್ದ. ಹೊಲದ ಬಾಜೂದವರೊಬ್ಬರು ಅವಸರದಲ್ಲಿ ಬಂದು, "ಹೊಲಾ ಹದಕ್ಕ ಬಂದೈತಿ, ಒಂದ ಹೊತ್ತ ಎತ್ತ ಕೊಡ್ರಿ" ಎಂದರು. ಅಣ್ಣ ತಲೆ ಎತ್ತಲಿಲ್ಲ. "ಸೋಮವಾರ ಬಸವಣ್ಣನ ಹೆಗಲ ಮ್ಯಾಲ ನೊಗಾ ಇಡೂದಿಲ್ರಿ. ನಮ್ಮಪ್ಪನ ಕಾಲದಿಂದ ಇಟ್ಟಿಲ್ಲ." ಅವರು, "ಮಳಿ ಬಂದ್ರ ಹೆಂಗ?" ಎಂದರು. "ಬಂದ್ರ ಬರಲಿ" ಎಂದ ಅಣ್ಣ. ಅವರು ಹೋದರು.

ನೀವು ಬಾಗಿಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದಿರಿ. ದನಿ ಏರಿಸದೆ ಕೇಳಿದಿರಿ: "ಎತ್ತಿಗೆ ಸೋಮವಾರ ಐತಿ. ನನಗ ಯಾವ ವಾರ ಐತ್ರಿ ಅತ್ತಿ?"

ಅವ್ವ ನಕ್ಕಳು. "ಎತ್ತಿಗೆ ಕೋಡ ಅದಾವವ್ವಾ, ನಿನಗೆಲ್ಲಿ ಅದಾವ?"

"ಬಂದ ಮ್ಯಾಲ ಹಾಯತೇನ್ರಿ. ಅದಕ್ಕ ಮೊದಲ ಕೊಟ್ಟಬಿಡ್ರಿ."

ಅಣ್ಣನ ಕೈಯಲ್ಲಿದ್ದ ಚೊಂಬು ನಿಂತಿತು. ನೀವು ಇಡೀ ದಿನ ಕೇಳಲಿಲ್ಲ. ಸೋಮವಾರ ಊಟವಾದ ಮೇಲೆ ದನ ಬರುವ ತನಕ, ಅಷ್ಟೇ. "ಅಷ್ಟೊತ್ತು ನನ್ನ ಹೆಸರ ಯಾರೂ ಕರೀಬ್ಯಾಡ್ರಿ. ಮನಿಗೆ ಬೆಂಕಿ ಬಿದ್ರ ಕರೀರಿ." ಅವ್ವ, "ಕುಂತು ಏನ ಮಾಡಾಕಿ?" ಎಂದಳು. "ಎತ್ತಿಗೆ ಕೇಳಿರೇನ್ರಿ ಯಾವಾಗರ, ಕುಂತು ಏನ ಮಾಡತಿ ಅಂತ?" ಎಂದಿರಿ. ಅಣ್ಣ ನಕ್ಕುಬಿಟ್ಟ. ಆ ನಗುವಿನಲ್ಲಿ ಒಪ್ಪಿಗೆ ಇತ್ತು. ಅವ್ವ ಮುಖ ತಿರುವಿ ಒಳಗೆ ಹೋದಳು.

ಕೇಳುವುದು ಸುಲಭವಾಯಿತು, ಉಳಿಸಿಕೊಳ್ಳುವುದು ಸುಲಭವಾಗಲಿಲ್ಲ. ಮುಂದಿನ ಸೋಮವಾರವೋ ಅದರ ಮುಂದಿನದೋ, ಹೋಳಿಗೆಗೆಂದು ತೊಳೆದ ಗೋಧಿ ಅಂಗಳದ ಚಾಪೆಯ ಮೇಲೆ ಒಣಗುತ್ತಿತ್ತು. ಮೋಡ ಕವಿದು ಹನಿ ಬಿತ್ತು. ಅವ್ವ ಒಳಗಿಂದ, "ಬಾಳವ್ವಾ, ಗೋದಿ!" ಎಂದು ಕೂಗಿದಳು. ನೀವು ಏಳಲಿಲ್ಲ. ಬೇವಿನ ಕೆಳಗೆ ಸೆರಗು ಹೊದ್ದು, ತಲೆ ಬಗ್ಗಿಸಿ, ಎರಡೂ ಕೈಯಿಂದ ಕಲ್ಲನ್ನು ಹಿಡಿದುಕೊಂಡು ಕುಳಿತಿರಿ. ಏಳದೆ ಇರಲು ನಿಮಗೆ ಎಷ್ಟು ಕಷ್ಟವಾಯಿತೆಂಬುದು ಬೆರಳುಗಳಲ್ಲಿ ಕಾಣುತ್ತಿತ್ತು. ಅವ್ವ ತಾನೇ ಬಂದು ಬಳಿದುಕೊಂಡು ಹೋದಳು, ಅರ್ಧ ಗೋಧಿ ನೆನೆಯಿತು. "ಎತ್ತಿಗರ ಮಳಿ ಬಂದ್ರ ಏಳೂ ಬುದ್ಧಿ ಇರತೈತಿ" ಎಂದು ಗೋಡೆಗೆ ಹೇಳಿದಳು. ಮಂಗಳವಾರ ಬೆಳಿಗ್ಗೆ ನೀವು ಆ ಗೋಧಿಯನ್ನು ಒಲೆಯ ಬಿಸಿಗೆ ಹರವಿ, ಕೆಟ್ಟ ಕಾಳು ಆರಿಸುತ್ತ, "ನಿಮ್ಮ ಮಗಾ ಅಂದಿದ್ರಲ್ರಿ ಅತ್ತಿ, ಮಳಿ ಬಂದ್ರ ಬರಲಿ ಅಂತ" ಎಂದಿರಿ.

ಆದರೆ ಈ ಪತ್ರದಲ್ಲಿ ನಾನು ಮುಖ್ಯವಾಗಿ ಬರೆಯಬೇಕೆಂದಿರುವುದು ಶ್ರಾವಣದ ಒಂದು ಸೋಮವಾರದ ಸಂಗತಿ. ಅಂದು ಆ ತ್ರಾಸು ಕಲ್ಲಿನ ಮೇಲೆಯೇ ನಿಮ್ಮನ್ನು ಹಿಡಿಯಿತು. ಮುಖ ಬಿಳಿಚಿತು, ಎದೆ ಏರಿಳಿಯತೊಡಗಿತು. ಅಣ್ಣ ಹಗ್ಗ ಬಿಸಾಡಿ ಓಡಿ ಬಂದ. ನೀವು ಅವನ ಕಡೆ ಅಂಗೈ ಎತ್ತಿ ತೋರಿಸಿದಿರಿ, ಅಲ್ಲೇ ನಿಲ್ಲು ಎಂಬಂತೆ. ಅವನು ನಿಂತ. ಅವ್ವ ಹಿತ್ತಲ ಬಾಗಿಲಲ್ಲಿ ನಿಂತಳು. ನೀವು ಬಾಯಿ ಬಿಗಿದು, ಎದುರಿಗೆ ಮಲಗಿದ್ದ ಎತ್ತು ಮೆಲುಕು ಹಾಕುವುದನ್ನೇ ನೋಡುತ್ತ ಕುಳಿತಿರಿ. ಸ್ವಲ್ಪ ಹೊತ್ತಿಗೆ ನಿಮ್ಮ ಹೆಗಲು ಇಳಿಯಿತು. ಹಣೆ ಒರೆಸಿಕೊಂಡಿರಿ. ಆಮೇಲೂ ಏಳದೆ, ದನ ಬರುವ ಹೊತ್ತಿನ ತನಕ ಕುಳಿತೇ ಇದ್ದಿರಿ.

ಸಂಜೆ ರೊಟ್ಟಿ ಬಡಿಯುತ್ತ ನೀವಾಗಿಯೇ ಹೇಳಿದಿರಿ: "ಬಂತು. ನಾ ಕುಂತೆ. ಹೋತು. ಅದು ಬರೂದು ನನ್ನ ಕೈಯಾಗ ಇಲ್ಲ. ಎದ್ದು ಓಡೂದು ಬಿಡೂದು ನನ್ನ ಕೈಯಾಗ ಐತಿ." ಮರುದಿನ ತಾಯಿತವನ್ನು ನೀವೇ ಬಿಚ್ಚಿ ಅವ್ವನ ಕೈಗೆ ಕೊಟ್ಟಿರಿ. ಎಸೆಯಲಿಲ್ಲ. ಅದು ನನಗೆ ಹಿಡಿಸಿತು.

ಆಮೇಲೆಯೂ ಅದು ಬಂದಿದೆ, ನಾನು ಬರಲಿಲ್ಲ ಎನ್ನುವುದಿಲ್ಲ. ಆದರೆ ನೀವು ಓಣಿಗೆ ಓಡಿದ್ದನ್ನು ಯಾರೂ ಮತ್ತೆ ಕಂಡಿಲ್ಲ. ತವರಿಗೆ ಕಳಿಸುವ ಮಾತು ತಾನಾಗಿಯೇ ನಿಂತಿತು. ಕ್ರಮೇಣ ಬೇರೆ ಮಾತುಗಳೂ ನಿಮ್ಮ ಕೈಗೆ ಬಂದವು. ನೀರಿಗೆ ಬೆಳಿಗ್ಗೆ ಹೋಗುವುದೋ ಸಂಜೆಯೋ ಎಂಬುದನ್ನು ನೀವು ಹೇಳತೊಡಗಿದಿರಿ. ಗೋಕಾಕದ ಸಂತೆಗೆ ಒಬ್ಬರೇ ಬಸ್ಸಿನಲ್ಲಿ ಹೋಗಿ, ಅವ್ವನಿಗೆ ಒಗ್ಗದ ಹಸಿರು ಬಣ್ಣದ ಸೀರೆ ತಂದು ಉಟ್ಟಿರಿ. ಅವ್ವ, "ಗಿಳಿ ಬಂತು ನೋಡ್ರಿ" ಎಂದಳು. "ಗಿಳಿ ಮಾತೂ ಆಡತೈತ್ರಿ" ಎಂದಿರಿ.

ನಾನು ಪೇಪರ್ ಹಂಚುವವನು. ಹೊಳೆಗೆ ನೀರು ಬಂದರೆ, ಸಾಲಿ ಉದ್ಘಾಟನೆಯಾದರೆ, ಮೂಡಲಗಿಯ ರಸ್ತೆಯಲ್ಲಿ ಬಸ್ಸು ಕೆಟ್ಟು ನಿಂತರೆ ಪೇಪರಿಗೆ ನಾಲ್ಕು ಸಾಲು ಬರೆದು ಕಳಿಸುವವನು. ದೊಡ್ಡವರ ಧೈರ್ಯದ ಭಾಷಣಗಳನ್ನು ಎಷ್ಟೋ ಕೇಳಿ ಬರೆದುಕೊಂಡಿದ್ದೇನೆ. ಆದರೆ ನನ್ನ ಕಣ್ಣಾರೆ ಕಂಡ ಧೈರ್ಯ ಎಂದರೆ, ಗೋಧಿ ನೆನೆಯುತ್ತಿರುವಾಗ ಕಲ್ಲು ಹಿಡಿದು ಕುಳಿತ ಆ ಕೈಗಳು. ಇದನ್ನು ನಿಮ್ಮೆದುರು ಹೇಳಲು ನಾಲಿಗೆ ಹೊರಳದು. ವೈನಿ, ನಿಮ್ಮ ಮೈದುನನೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ಇನ್ನು ಕರೆಪ್ಪ ಹೇಳಿದ್ದರಲ್ಲಿ ಉಳಿದದ್ದು. ನೀವು ಹೋದ ಮೇಲೆ ಮೊದಲ ಕೆಲವು ಸೋಮವಾರ ಕಲ್ಲು ಖಾಲಿಯೇ ಇತ್ತಂತೆ. ಈಗ ಕಬ್ಬಿನ ಸುಗ್ಗಿ, ಗಾಣ ನಡೆದಿದೆ, ಮನೆಯಲ್ಲಿ ಕೈ ಸಾಲದು. ಯಾರೋ ಆ ಕಲ್ಲಿನ ಮೇಲೆ ಬೆಲ್ಲದ ಬುಟ್ಟಿ ಇಟ್ಟರಂತೆ. ಅವ್ವ ಅದನ್ನು ಇಳಿಸಿದಳು. ಮೊನ್ನೆ ತಾನೇ ಎಲೆ ಅಡಿಕೆಯ ಸಂಚಿ ಹಿಡಿದು ಹೋಗಿ ಕುಳಿತಳು. ಮೊದಲು ಒಲೆ ನೋಡಲೆಂದು ಎದ್ದಳು, ಮತ್ತೆ ಬಾಗಿಲು ನೋಡಲೆಂದು ಎದ್ದಳು, ಆಮೇಲೆ ಏಳಲಿಲ್ಲ. ಕರೆಪ್ಪ ಸುಮ್ಮನಿರುವವನೇ? "ಏನಬೇ ಶಿವವ್ವಾಯಿ, ಸೊಸಿ ಜಾಗಾ ಕಾಯಾಕತ್ತಿಯೇನ?" ಎಂದನಂತೆ. "ಖಾಲಿ ಬಿಟ್ರ ಕೋಳಿ ಕೂಡತಾವ, ಅದಕ್ಕ ಕುಂತೇನಿ" ಎಂದಳಂತೆ ಅವ್ವ. ಆಮೇಲೆ ಅವನು ಕೇಳದೆಯೇ, "ಕುಂತ ಮ್ಯಾಲ ತಿಳೀತು. ಇದರಾಗ ಏನೋ ಐತಿ" ಎಂದಳಂತೆ.

ವೈನಿ, ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಅವ್ವ ಸುಮ್ಮನೆ ಕುಳಿತದ್ದನ್ನು ನಾನು ಕಂಡಿಲ್ಲ. ಕುಳಿತರೆ ಮಡಿಲಲ್ಲಿ ಒಂದು ಮೊರ ಇರುತ್ತಿತ್ತು.

ಅಣ್ಣನ ಕಾರ್ಡಿನ ಕೊನೆಯ ಸಾಲು ಅವ್ವ ಬರೆಸಿದ್ದು. ಅದನ್ನು ಹಾಗೆಯೇ ಇಳಿಸುತ್ತೇನೆ: "ಬಾಳವ್ವಗ ತಿಳಸು. ಸೋಮವಾರ ಆಕೀದಽ. ಆಕಿ ಬರೂತನಕ ನಾ ಕಾಯತೇನಿ. ಬಂದ ಮ್ಯಾಲ ನನಗ ಗುರುವಾರ ಮಾಡ್ರಿ."

ನೀವು ಕೇಳಿದ ಮಾತಿಗೆ ಉತ್ತರ ಇದು. ಘೋಡಗೇರಿಯಲ್ಲೂ ಒಂದು ಗಿಡದ ನೆರಳು ಹುಡುಕಿಕೊಳ್ಳಿ. ತವರು ಎಂದ ಮಾತ್ರಕ್ಕೆ ಬಿಟ್ಟುಕೊಡಬೇಡಿ. ಬಸವಣ್ಣ ನಿಮ್ಮನ್ನೂ ಬರುವ ಕೂಸನ್ನೂ ತಣ್ಣಗಿಡಲಿ. ಹೆಣ್ಣಾದರೆ ಅದಕ್ಕೂ ಒಂದು ವಾರ ಈಗಲೇ ಗೊತ್ತು ಮಾಡಿಡೋಣ.

ಬರುವ ಸೋಮವಾರ ಮೂವತ್ತನೇ ತಾರೀಖು. ಬೆಳಗಿನ ಪೇಪರ್ ಹಂಚಿ ಮುಗಿಸಿ ನಾನು ಬಸ್ಸಿನಲ್ಲಿ ಮೇಲವಂಕಿಗೆ ಹೋಗುತ್ತೇನೆ. ಊಟವಾದ ಮೇಲೆ ಅವ್ವ ಕಲ್ಲಿನ ಮೇಲೆ ಕೂಡುತ್ತಾಳೆ. ಮುಸುರೆ ನಾನು ತಿಕ್ಕುತ್ತೇನೆ.

ನಿಮ್ಮ ಮೈದುನ,
ವೀರಪ್ಪ