ವರ್ಕರ್ ಪದಕ್ಕೆ ಮೂರನೇ ಸ್ಲಿಪ್

ಮಾರ್ಚ್ ೪, ಸೋಮವಾರ

ಬೆಳಿಗ್ಗೆ ‘ವುಡ್’. ಹತ್ತೂವರೆಗೆ ‘ವೂಲ್’. ಇಂಗ್ಲಿಷ್ ನಿಘಂಟಿನ ಹೊಸ ಆವೃತ್ತಿ, ಕೊನೆಯ ಕೆಲವೇ ಅಕ್ಷರಗಳು ಬಾಕಿ. ಅರ್ಧ ದಿನ ರಜೆ ಹಾಕಿ ಕೋರ್ಟಿಗೆ ಹೋದೆ.

ಅಕ್ಕ ಸೋತಳು.

ಹನ್ನೊಂದು ವರ್ಷ ಮನೆಯಲ್ಲೇ ಕೂತು ಕಂಪನಿಗೆ ಶರ್ಟು ಹೊಲಿದಳು. ಗುಂಡಿ ಒತ್ತುವ ಯಂತ್ರ ಕಂಪನಿಯದೇ. ಅದೇ ಅವಳ ಬಲಗೈಯ ಎರಡು ಬೆರಳು ನುಂಗಿತು. ಪರಿಹಾರ ಕೇಳಿದರೆ — ನೀನು ವರ್ಕರೇ ಅಲ್ಲ. ನ್ಯಾಯಾಧೀಶರು ನಿಘಂಟು ತರಿಸಿದರು. ನಮ್ಮದೇ. ನನ್ನ ಮೇಜಿನ ಮೇಲೆ ದಿನವೂ ಬಿದ್ದಿರುವ ಅದೇ ಕೆಂಪು ರಟ್ಟು. ‘ವರ್ಕರ್: ಮಾಲೀಕನ ಜಾಗದಲ್ಲಿ ಸಂಬಳಕ್ಕೆ ದುಡಿಯುವವರು.’ ಅಕ್ಕ ದುಡಿದದ್ದು ಸ್ವಂತ ಮನೆಯಲ್ಲಿ. ಅಲ್ಲಿಗೆ ಮುಗಿಯಿತು.

ಕಂಪನಿಯ ಕಡೆಯಿಂದ ಸಾಕ್ಷಿ ಹೇಳಿದವರು ಯಾರು? ನಮ್ಮ ಪ್ರಧಾನ ಸಂಪಾದಕರು. ಆಫೀಸಿನಲ್ಲಿ ಎಲ್ಲರೂ ಬೆನ್ನ ಹಿಂದೆ ಪೂರ್ಣವಿರಾಮ ಅನ್ನುತ್ತೇವೆ — ಅವರು ಬಾಯಿ ಬಿಟ್ಟ ಮೇಲೆ ಇನ್ನೊಬ್ಬರು ಮಾತಾಡುವಂತಿಲ್ಲ. “ಇಂಗ್ಲಿಷಿನಲ್ಲಿ ಈ ಪದಕ್ಕೆ ಬೇರೆ ಅರ್ಥವೇ ಇಲ್ಲ” ಅಂದರು. ಅವಳು ನನ್ನ ಅಕ್ಕ ಎಂದು ಗೊತ್ತಿತ್ತು. ಆಪರೇಷನ್ ದಿನ ರಜೆ ಕೇಳಿದಾಗ ನಾನೇ ಹೇಳಿದ್ದೆ.

ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ನೋಡುತ್ತ, “ಹಂಗಾದ್ರೆ ನಾನು ಇಷ್ಟು ವರ್ಷ ಏನ್ ಮಾಡ್ತಿದ್ದೆ?” ಅಂದಳು.

ನಾನು ಹಲ್ಲು ಕಡಿದುಕೊಂಡು ಕೂತಿದ್ದೆ. ಆ ಮನುಷ್ಯನ ನೀರಿಳಿಸದೆ ಬಿಡುವುದಿಲ್ಲ.

ಮಾರ್ಚ್ ೫

ಸಂಪಾದಕರ ಕೋಣೆಗೆ ನುಗ್ಗಿದೆ. ಕನ್ನಡಕ ಒರೆಸುತ್ತಿದ್ದರು. ನಿಧಾನವಾಗಿ ಒರೆಸಿ ಮುಗಿಸಿದರು.

“ನಿಘಂಟು ಕರುಣೆ ತೋರ್ಸೋ ಜಾಗ ಅಲ್ಲಮ್ಮ. ಜನ ಬಳಸಿದ್ದನ್ನ ಬರ್ಕೊಳ್ಳೋದಷ್ಟೇ ನಮ್ಮ ಕೆಲಸ.”

“ಮನೇಲಿ ಕೂತು ದುಡಿಯೋರನ್ನೂ ಜನ ವರ್ಕರ್ ಅಂತಾರೆ, ಸರ್.”

“ಎಲ್ಲಿ ಅಂದಿದಾರೆ? ಮೂರು ಸ್ಲಿಪ್ ತಗೊಂಡು ಬಾ. ನಾನೇ ಸಹಿ ಹಾಕ್ತೀನಿ.”

ಅದು ಅವರೇ ಮಾಡಿದ ನಿಯಮ. ಪದಕ್ಕೆ ಹೊಸ ಅರ್ಥ ಸೇರಬೇಕಾದರೆ ಅಚ್ಚಾದ ಮೂರು ವಾಕ್ಯ ಬೇಕು, ಮೂರು ಬೇರೆ ಬೇರೆ ಜನ ಬರೆದದ್ದು, ಒಂದೊಂದು ಸ್ಲಿಪ್ಪಿನಲ್ಲಿ ಒಂದೊಂದು. ಹೊರಗೆ ಟೈಪಿಸ್ಟ್ ಹುಡುಗಿಯರಿಗೂ ಕೇಳಿಸಿತು. ಒಳ್ಳೆಯದೇ ಆಯಿತು. ಸಾಕ್ಷಿಗಳಿರಲಿ.

ಮಾರ್ಚ್ ೩೦

ಎರಡು ಸಿಕ್ಕಿವೆ. ಒಂದು ಹಳೆಯ ಪತ್ರಿಕೆ, ಇನ್ನೊಂದು ಸಮೀಕ್ಷೆಯ ವರದಿ. ಮೂರನೆಯದಾಗಿ ಮನೆಯಲ್ಲಿ ಹೊಲಿಯುವವರ ಸಂಘದ ಕರಪತ್ರ ಕೊಟ್ಟೆ. ತುದಿಬೆರಳಲ್ಲಿ ಎತ್ತಿ ಹಿಂದಕ್ಕೆ ತಳ್ಳಿದರು. “ಕರಪತ್ರದ ಭಾಷೆ ಭಾಷೆಯಲ್ಲ.”

ಹಾಗಾದರೆ ಯಾರ ಭಾಷೆ ಭಾಷೆ? ನಿಮ್ಮದಾ?

...ನಿಮ್ಮದು. ಹೌದಲ್ಲ. ನಿಮ್ಮದೇ.

ಏಪ್ರಿಲ್ ೧೯

ಮೇ ಕೊನೆಗೆ ಪೂರ್ಣವಿರಾಮ ನಿವೃತ್ತಿ. ಅಭಿನಂದನೆಯ ಪುಸ್ತಕವೊಂದು ಇಂಗ್ಲಿಷಿನಲ್ಲಿ ಬರುತ್ತಿದೆ. ಅವರ ಸಂದರ್ಶನ ಮಾಡುವವರು ಯಾರು ಎಂದಾಗ ಎಲ್ಲರೂ ಮೇಜಿನ ಕೆಳಗೆ ಏನೋ ಹುಡುಕತೊಡಗಿದರು. ನಾನು ಕೈಯೆತ್ತಿದೆ. ಪಕ್ಕದ ಮೇಜಿನವಳು ಮೂಗಿನ ಮೇಲೆ ಬೆರಳಿಟ್ಟಳು.

ಅವರ ಮನೆಗೇ ಹೋದೆ. ಗೋಡೆಯ ಮೇಲೆ ಹೆಂಡತಿಯ ಫೋಟೊ. ತೀರಿಹೋಗಿ ಆರು ವರ್ಷವಾಯಿತಂತೆ. ನಯವಾಗಿ ಕೇಳಿದೆ — ಬೆಣ್ಣೆ ಸವರಿದ ಹಾಗೆ — “ಅಮ್ಮಾವ್ರು ನಿಮ್ಮ ಕೆಲಸಕ್ಕೆ ನೆರವಾಗ್ತಿದ್ರಾ, ಸರ್?”

ಮುದುಕರ ಮುಖವೇ ಬೇರೆಯಾಯಿತು. ಮೊದಲ ಆವೃತ್ತಿಯ ಸ್ಲಿಪ್ಪುಗಳನ್ನೆಲ್ಲ ಅಕಾರಾದಿಯಾಗಿ ಜೋಡಿಸಿದ್ದು ಆಕೆಯಂತೆ. ಇದೇ ಊಟದ ಮೇಜಿನ ಮೇಲೆ. ತಟ್ಟೆ ಎತ್ತಿ, ಮೇಜು ಒರೆಸಿ, ಮತ್ತೆ ಸ್ಲಿಪ್ಪು.

“ಸಂಬಳ ಕೊಡ್ತಿದ್ರಾ?”

“ಮನೆಯವಳಿಗೆ ಎಂಥ ಸಂಬಳ!” ನಕ್ಕರು. ಆಮೇಲೆ ಇಂಗ್ಲಿಷಿನಲ್ಲಿ ನಿಧಾನವಾಗಿ, ಒಂದೊಂದೇ ಪದ ತೂಗಿ ಹೇಳಿದರು: ‘ಆಕೆ ಕಚೇರಿಯ ಹೊಸಿಲು ತುಳಿದವಳಲ್ಲ. ಆದರೂ ಈ ನಿಘಂಟಿನ ಮೊದಲ ವರ್ಕರ್ ಆಕೆಯೇ.’

ಒಂದಕ್ಷರ ಬಿಡದೆ ಬರೆದುಕೊಂಡೆ. ಅಚ್ಚಿಗೆ ಹೋಗುವ ಮೊದಲು ಓದಿ ಒಪ್ಪಿಗೆ ಕೊಡಿ ಸರ್ ಅಂದೆ. ಕೊಟ್ಟರು. ಕಣ್ಣೊರೆಸಿಕೊಂಡು ಕೊಟ್ಟರು.

ಅಯ್ಯೋ ಅನ್ನಿಸಬೇಕಿತ್ತೇನೋ. ಅನ್ನಿಸಲಿಲ್ಲ. ದಾರಿಯುದ್ದಕ್ಕೂ ಹಾಡು ಗುನುಗಿಕೊಂಡು ಬಂದೆ.

ಮೇ ೩೧

ಬೀಳ್ಕೊಡುಗೆ. ಹಾರ, ಶಾಲು, ಭಾಷಣ. ಪುಸ್ತಕ ಎಲ್ಲರ ಕೈಯಲ್ಲಿ. ಅವರು ಕುರ್ಚಿಯಿಂದ ಏಳುವ ಮೊದಲೇ ಮುಂದೆ ಹೋಗಿ ಮೇಜಿನ ಮೇಲೆ ಮೂರು ಸ್ಲಿಪ್ ಸಾಲಾಗಿ ಇಟ್ಟೆ. ಪಕ್ಕದಲ್ಲಿ ಹೊಸ ಅರ್ಥದ ಹಾಳೆ. ಹೊಸದೇನು, ಹಳೆಯದನ್ನೇ ಇಳಿಸಿಕೊಂಡು ಜಾಗದ ಮಾತೊಂದನ್ನು ಬದಲಾಯಿಸಿದ್ದೆ. ನಿನ್ನೆ ಅವಸರದಲ್ಲಿ ಐದೇ ನಿಮಿಷದ ಕೆಲಸ.

“ಮೂರು ತಗೊಂಡು ಬಾ ಅಂದಿದ್ರಿ, ಸರ್.”

ಮೊದಲನೆಯದು ಓದಿದರು. ಎರಡನೆಯದು. ಮೂರನೆಯದರ ಮೇಲೆ ಕಣ್ಣು ನಿಂತುಬಿಟ್ಟಿತು. ತಮ್ಮದೇ ಹೆಸರು, ತಮ್ಮದೇ ಪುಸ್ತಕ, ಪುಟ ಸಂಖ್ಯೆ ಸಮೇತ. ಮುಖ ಇಂಗು ತಿಂದ ಮಂಗನದು. ಟೈಪಿಸ್ಟ್ ಹುಡುಗಿಯರು ಕುರ್ಚಿಯ ತುದಿಗೆ ಬಂದಿದ್ದರು.

“ಇದಕ್ಕೇ ಅವಳ ಬಗ್ಗೆ ಕೇಳಿದ್ಯಾ?” ಮೆಲ್ಲಗೆ ಕೇಳಿದರು. ನನಗೊಬ್ಬಳಿಗೇ ಕೇಳುವಷ್ಟು.

“ಹೌದು.”

“ನಾನು... ಪ್ರೀತಿಯಿಂದ ಹೇಳಿದ ಮಾತು ಅದು.”

“ಅಚ್ಚಾಗಿದೆಯಲ್ಲ, ಸರ್.”

ಹಾಳೆಯನ್ನು ಬಹಳ ಹೊತ್ತು ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮುಚ್ಚಿದರು. ಸಹಿ ಹಾಕಿದರು. ಶಾಲು ಹೆಗಲಿಂದ ಜಾರಿದ್ದೂ ಗೊತ್ತಾಗಲಿಲ್ಲ ಅವರಿಗೆ.

ಹೊಟ್ಟೆ ತಣ್ಣಗಾಯಿತು. ಮನೆಗೆ ಬಂದು ಎರಡು ಸಲ ಊಟ ಮಾಡಿದೆ.

ಅಕ್ಟೋಬರ್ ೯

ಗೆದ್ದೆವು! ಮೇಲಿನ ಕೋರ್ಟು. ಹೊಸ ಆವೃತ್ತಿ, ಅದೇ ಕೆಂಪು ರಟ್ಟು. ನಮ್ಮ ವಕೀಲರು ಎರಡನೇ ಅರ್ಥವನ್ನೂ ಅದರ ಕೆಳಗೆ ಉದಾಹರಣೆಯಾಗಿ ಹಾಕಿದ್ದ ಪೂರ್ಣವಿರಾಮನ ವಾಕ್ಯವನ್ನೂ ಗಟ್ಟಿಯಾಗಿ ಓದಿದರು. ಕಂಪನಿಯ ವಕೀಲ ಬಾಲ ಮುದುರಿ ಕೂತ. ಹಿಂದೆ ಸಂಪಾದಕರ ಮಾತನ್ನೇ ನಂಬಿ ಕೊಟ್ಟ ತೀರ್ಪು ಅವರ ಮಾತಿನಿಂದಲೇ ಬಿತ್ತು. ಆ ಮುದುಕರು ಕೋರ್ಟಿಗೆ ಬಂದಿರಲಿಲ್ಲ. ಬರಬೇಕಿತ್ತು. ಕಣ್ತುಂಬ ನೋಡಬೇಕಿತ್ತು.

ಅದೇ ದಿನ, ಸಂಜೆ

ಅಕ್ಕ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಇಂಗ್ಲಿಷ್ ಬಾರದು ಅವಳಿಗೆ.

“ನಾನೆಲ್ಲಿದೀನಿ ಇದ್ರಲ್ಲಿ?”

ತೋರಿಸಿದೆ. ಉಳಿದ ಬೆರಳುಗಳಿಂದ ಆ ಸಾಲನ್ನು ಸವರಿದಳು. ಅರ್ಥ ಹೇಳು ಅಂದಳು. ಹೇಳಿದೆ: ‘ಎಲ್ಲೇ ಕೂತಾದರೂ ಸಂಬಳಕ್ಕೆ ದುಡಿಯುವವರು.’

“ಇದರ ಕೆಳಗಿರೋದು?”

ಅದನ್ನೂ ಹೇಳಿದೆ — ಮುದುಕರ ಹೆಂಡತಿ, ಊಟದ ಮೇಜು, ಸ್ಲಿಪ್ಪು. ನಗುನಗುತ್ತಲೇ ಹೇಳಿದೆ, ಹೇಗೆ ಬೀಳಿಸಿದೆ ನೋಡು ಅಂತ.

ಅಕ್ಕ ನಗಲಿಲ್ಲ.

“ಆಯಮ್ಮಂಗೆ ಸಂಬಳ ಕೊಡ್ತಿದ್ರಾ?”

“ಇಲ್ಲ.”

“ಹಂಗಾದ್ರೆ ಆಯಮ್ಮ ಎಲ್ಲಿದಾಳೆ ಇದ್ರಲ್ಲಿ?”

ಪುಟ ನೋಡಿದೆ. ಮತ್ತೆ ನೋಡಿದೆ. ಆಕೆಯ ವಾಕ್ಯ ಕೆಳಗಿದೆ. ಮೇಲಿನ ಅರ್ಥದೊಳಗೆ ಆಕೆಗೆ ಜಾಗವಿಲ್ಲ. ಬರೆದದ್ದು ನಾನು. ಅವರಲ್ಲ, ನಾನು. ಸಹಿ ಹಾಕುವ ಮೊದಲು ಅವರು ಬಾಯಿ ತೆರೆದದ್ದು ಇದಕ್ಕೇ ಇರಬೇಕು.

ಅಕ್ಕ ಒಳಗೆ ಹೋದಳು. ಪೆನ್ನು ಹಿಡಿದು ಕೂತಿದ್ದೇನೆ. ‘ಸಂಬಳಕ್ಕೆ’ ಅನ್ನುವುದನ್ನು ಹೊಡೆದು ಹಾಕಿದರೆ... ಆದರೆ ಅಚ್ಚಾಗಿದೆಯಲ್ಲ. ಇನ್ನು ಬದಲಾಯಿಸಬೇಕಾದರೆ ಮತ್ತೆ ಮೂರು ಸ್ಲಿಪ್...