ಗಡಿಯ ಮೇಲಿನ ಗಂಡು ಅಂಜೂರ

ಮೊಕ್ರಾನ್ ಅಣ್ಣನಿಗೆ,

ಹಿತ್ತಲ ಬೇಲಿಯ ಜಗಳದಲ್ಲಿ ಬಾಯಿ ಸೋತು ಕಾಗದಕ್ಕೆ ಕೈ ಹಾಕಿದ್ದೇನೆ. ನಾಳೆ ಆಳುಗಳು ಬರುವ ಮೊದಲು ದಯವಿಟ್ಟು ಓದಿ.

ಗಡಿಯ ಮೇಲಿರುವ ಅಂಜೂರದ ಮರವನ್ನು ಕಡಿಸುತ್ತೇನೆಂದು ನಿನ್ನೆ ಹೇಳಿದಿರಿ. "ತಿನ್ನೋಕೆ ಬಾರದ ಹಣ್ಣು ಬಿಡುತ್ತೆ, ಸುಮ್ನೆ ಜಾಗ ಹಿಡ್ಕೊಂಡಿದೆ. ಥೇಟ್ ನಿನ್ನ ಹಾಗೇ ಕಣೋ ಅಕ್ಲಿ" ಅಂದಿರಿ. ನನ್ನ ಹೆಂಡತಿ ತಸ್ಸಾದಿತ್ ಅಗತ್ಯಕ್ಕಿಂತ ಜೋರಾಗಿ ನಕ್ಕಳು.

ಅಣ್ಣ, ಅದು ಗಂಡುಮರ. ಇಂದು ಬೆಳಿಗ್ಗೆ ಅದರ ಕಾಯಿಯೊಂದನ್ನು ಸೀಳಿದರೆ ಎಳ್ಳಿಗಿಂತ ಸಣ್ಣ ಕಣಜದ ಹುಳಗಳು ರೆಕ್ಕೆ ಒದರುತ್ತ ಹೊರಬಂದವು. ಈ ವಯಸ್ಸಿನಲ್ಲಿ ನಾನು ಅಂಗಳದಲ್ಲೇ ಕುಣಿದುಬಿಟ್ಟೆ. ಈ ಕಾಯಿಗಳನ್ನು ದಾರಕ್ಕೆ ಪೋಣಿಸಿ ಹೆಣ್ಣುಮರಗಳಿಗೆ ತೂಗುಹಾಕಬೇಕು. ಆ ಹುಳ ಗಂಡುಮರದ ಪರಾಗ ಹೊತ್ತು ಒಳಹೊಕ್ಕರಷ್ಟೇ ಅಂಜೂರ ಹಣ್ಣಾಗುತ್ತದೆ, ಇಲ್ಲವಾದರೆ ಹಸಿರಿರುವಾಗಲೇ ಉದುರುತ್ತದೆ. ಅಲ್ಜಿಯರ್ಸ್‌ನಲ್ಲಿ ಬಸ್ಸು ಓಡಿಸಿಕೊಂಡಿದ್ದ ನಿಮಗೆ ಇದು ತಿಳಿಯದಿದ್ದರೆ ತಪ್ಪಲ್ಲ. ಆದರೆ ಹೋದ ವರ್ಷ ನಾವು ಮಾತು ಬಿಟ್ಟಿದ್ದಾಗ ನಿಮ್ಮ ಹಿತ್ತಲ ಹೆಣ್ಣುಮರ ತಾನಾಗಿಯೇ ಹಣ್ಣು ಕೊಟ್ಟಿತೆಂದುಕೊಂಡಿರಾ? ತಸ್ಸಾದಿತ್ ನಿಮ್ಮ ಕೊಂಬೆಗೂ ಸರ ಎಸೆದಿದ್ದಳು. "ಜಗಳ ನಿಮ್ಮಿಬ್ರುದು, ಮರ ಏನ್ ಮಾಡ್ತು ಪಾಪ" ಎಂದು ನನಗೇ ಬೈದಿದ್ದಳು.

ಬೇಲಿ ಹಾಕಿ. ನೀವು ಕೇಳಿದಂತೆ ನನ್ನ ಕಡೆಗೆ ಒಂದು ಮೊಳ ಸರಿಸಿಯೇ ಹಾಕಿ. ನಾನು ಹಟ ಬಿಟ್ಟೆ. ಮರ ನಿಮ್ಮ ಪಾಲಿಗೇ ಇರಲಿ, ಕೊಡಲಿ ಮಾತ್ರ ದೂರವಿರಲಿ.

ಬಿಸಿಲೇರಿದರೆ ಹುಳಗಳು ಕಾಯುವುದಿಲ್ಲ. ಓದಿದ ಕೂಡಲೇ ಏಣಿ ಹಿಡಿದು ಬನ್ನಿ. ಏಣಿ ನನ್ನದೇ, ಜಗಳಕ್ಕೆ ಮೊದಲು ನೀವು ಒಯ್ದದ್ದು.

ಸರ ಪೋಣಿಸುತ್ತ ಕಾದಿರುವ,
ಅಕ್ಲಿ