ಅತ್ತೆಯೂ ನಾನೂ ಬಂದ ಆಸ್ಪತ್ರೆ

ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ನನ್ನವರೇ,

ಹೇಗಿದ್ದೀರಿ? ಬೆನ್ನುನೋವು ತಗ್ಗಿತೇ? ಹಡಗಿನ ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುವುದನ್ನೇ ಮರೆಯುತ್ತೀರಿ, ಮರೆಯಬೇಡಿ. ಈ ಕಾಗದ ಮುಂದಿನ ಬಂದರಿನಲ್ಲಿ ನಿಮ್ಮ ಕೈಸೇರುವ ಹೊತ್ತಿಗೆ ನಿಮ್ಮಣ್ಣನ ದೂರು ತಲುಪಿರುತ್ತದೆ. ನನ್ನ ಬಾಯಿಂದಲೂ ಕೇಳಿಬಿಡಿ: ಹೌದು, ಭಾವನ ಮಾತು ಮೀರಿ ಇಲ್ಲಿಗೆ ಬಂದೆ. ಆಪರೇಷನ್ ಆಗಿದೆ. ಚೆನ್ನಾಗಿದ್ದೇನೆ.

ಅಂಡಾಶಯದಲ್ಲಿ ಗಡ್ಡೆಯಿದೆ ಎಂದ ಸ್ಕ್ಯಾನಿಂಗ್ ಡಾಕ್ಟರಮ್ಮ, "ಕ್ಯಾನ್ಸರ್ ಇದ್ರೂ ಇರಬಹುದು. ಇದನ್ನೇ ದಿನಾ ಮಾಡೋ ಸರ್ಜನ್ ಹತ್ರ ಹೋಗಿ" ಎಂದೂ ಹೇಳಿದ್ದರು. ಭಾವ ನನ್ನನ್ನು ನೇರ ತಮ್ಮ ಗೆಳೆಯರ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಪಾಪ, ಕೆಟ್ಟ ಮನಸ್ಸಿನಿಂದಲ್ಲ. ಓಡಾಟ ತಪ್ಪಲಿ ಅಂತ. ಆ ಡಾಕ್ಟರು ಸ್ಕ್ಯಾನನ್ನು ಕಿಟಕಿಯ ಬೆಳಕಿಗೆ ಹಿಡಿದು, "ಸಣ್ಣ ಕೆಲಸ, ಸೋಮವಾರ ತೆಗೆದುಬಿಡೋಣ" ಅಂದರು. ಇಂಥ ಗಡ್ಡೆ ಕೊನೆಯ ಸಲ ಯಾವಾಗ ತೆಗೆದಿರಿ ಎಂದು ಕೇಳಿದೆ. ಅವರು ಭಾವನ ಕಡೆ ತಿರುಗಿ, "ಇವರ ಯಜಮಾನರ ಹತ್ರಾನೇ ಮಾತಾಡ್ತೀನಿ" ಅಂದರು. "ಅವರು ಸಮುದ್ರದ ಮಧ್ಯೆ ಇದಾರೆ ಡಾಕ್ಟ್ರೇ, ಗಡ್ಡೆ ನನ್ನ ಹೊಟ್ಟೇಲಿದೆ" ಎಂದು ಫೈಲು ಎತ್ತಿಕೊಂಡು ಹೊರಟೆ. ಡ್ರೈವಿಂಗ್ ಕಲಿಸುವವಳು ನಾನು. ಕಲಿಯುವವರ ಕೈಗೆ ಬೆಟ್ಟದ ರಸ್ತೆಯಲ್ಲಿ ಸ್ಟೀರಿಂಗ್ ಕೊಡುವುದಿಲ್ಲ, ನನ್ನ ಮೈ ಕೊಡಲೇ?

ದೊಡ್ಡಾಸ್ಪತ್ರೆಗೇ ಹೋಗುತ್ತೇನೆ ಅಂದಾಗ ಮನೆಯಲ್ಲಿ ಭಾವ, "ಹೆಂಗಸರ ಆಪರೇಷನ್ ಎಲ್ಲಿ ಮಾಡಿಸಿದ್ರೂ ಒಂದೇ. ನೀನು ಹೋದ್ರೆ ಅಮ್ಮನ್ನ ಯಾರು ನೋಡ್ಕೋತಾರೆ?" ಎಂದು ಕೂಗಾಡಿದರು. ಅಷ್ಟರಲ್ಲಿ ಅತ್ತೆ ಬಟ್ಟೆಯ ಚೀಲ ಹಿಡಿದು ಬಂದು, ಚಪ್ಪಲಿ ಮೆಟ್ಟುತ್ತಾ, "ಅಮ್ಮನ್ನ ಯಾರೂ ನೋಡ್ಕೊಳ್ಳೋದು ಬೇಡ. ಇವಳನ್ನ ಅಮ್ಮ ನೋಡ್ಕೋತಾಳೆ" ಅಂದರು. ರೈಲಿನಲ್ಲಿ ಉದ್ದಕ್ಕೂ ಕಿಟಕಿ ಪಕ್ಕದ ಸೀಟು ಮಾತ್ರ ನನಗೆ ಬಿಟ್ಟುಕೊಡಲಿಲ್ಲ, ಅದು ಬೇರೆ ಮಾತು.

ಇಲ್ಲಿಯ ಸರ್ಜನ್ ಹೆಂಗಸು. ಅವರನ್ನೂ ಅದೇ ಪ್ರಶ್ನೆ ಕೇಳಿದೆ. ಮುಖ ಸಿಂಡರಿಸದೆ, "ನಿನ್ನೆ ಒಂದು ಮಾಡಿದೆ, ನಾಳೆ ಇನ್ನೊಂದಿದೆ" ಅಂದರು. ಏನೇನು ತೆಗೆಯುತ್ತೇವೆ, ಯಾಕೆ ಎಂದು ಚಿತ್ರ ಬರೆದು ತಿಳಿಸಿದರು. ಕ್ಯಾನ್ಸರೇ ಆಗಿತ್ತು. ಗಡ್ಡೆ ಒಡೆಯದಂತೆ ಇಡಿಯಾಗಿ ತೆಗೆದಿದ್ದಾರೆ, ಬೇರೆಲ್ಲೂ ಹರಡಿಲ್ಲ. ಗರ್ಭಕೋಶವೂ ಹೋಯಿತು. ಅದನ್ನು ಕೇಳಿದ ದಿನ ಮುಸುಕೆಳೆದುಕೊಂಡು ಅತ್ತುಬಿಟ್ಟೆ. ಆಮೇಲೆ ಹಸಿವಾಯಿತು. ಕೀಮೋ ಕೊಟ್ಟರೆ ಕೂದಲು ಉದುರುತ್ತದಂತೆ. ಉದುರಲಿ, ಬೋಳು ತಲೆಯಲ್ಲೇ ಕ್ಲಚ್ ಒತ್ತುವುದನ್ನು ಕಲಿಸುತ್ತೇನೆ.

ಹಡಗಿನ ಜೊತೆಗಾರರಿಗೆಲ್ಲ ನನ್ನ ನೆನಪು ಹೇಳಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ನಿಮ್ಮ
ಮೊಂಡಿ

ಇನ್ನೊಂದು ಮಾತು, ಬೇಗ ಬರೆಯುತ್ತೇನೆ. ನನ್ನನ್ನು ಸೇರಿಸಿಕೊಳ್ಳುವಾಗ ನರ್ಸ್ ಪಕ್ಕದ ಹೆಂಗಸಿಗೆ, ಮುಟ್ಟು ನಿಂತ ಮೇಲೂ ರಕ್ತ ಕಂಡರೆ ಸುಮ್ಮನಿರಬಾರದು ಎನ್ನುತ್ತಿದ್ದರು. ಅತ್ತೆ ನನ್ನ ತೋಳು ಹಿಡಿದು, "ನನಗೂ ಕಾಣ್ತಿದೆ ಕಣೇ, ಯಾರಿಗೆ ಹೇಳ್ಲಿ ಅಂತ ಸುಮ್ನಿದ್ದೆ" ಅಂದರು. ಪರೀಕ್ಷೆ ಮಾಡಿಸಿದೆ. ಗರ್ಭಕೋಶದ ಕ್ಯಾನ್ಸರ್. ಗುರುವಾರ ಇದೇ ಸರ್ಜನ್ ಆಪರೇಷನ್ ಮಾಡುತ್ತಾರೆ. ಅಮ್ಮನನ್ನು ಊರಿಗೆ ಕಳಿಸು, ಗೆಳೆಯ ನೋಡುತ್ತಾನೆ ಎಂದು ಭಾವ ಫೋನ್ ಮಾಡಿದರು. ಅತ್ತೆ ಫೋನ್ ಕಿತ್ತುಕೊಂಡು, "ನಾನು ಸಹಿ ಹಾಕಿ ಆಯ್ತು" ಎಂದು ಇಟ್ಟುಬಿಟ್ಟರು. ಹಡಗು ದಡ ಮುಟ್ಟಿದ ಕೂಡಲೇ ಬನ್ನಿ. ಒಪ್ಪಿಗೆ ಕೊಡುವುದಕ್ಕಲ್ಲ, ನಿಮ್ಮಮ್ಮನ ಪಕ್ಕ ಕೂರುವುದಕ್ಕೆ.